ಮೂವರಿಗೊಂದು ಮೇಜು

ಬಸ್ ನಿಲ್ದಾಣದ ಪಕ್ಕದ ಕಟ್ಟಡದ ಮೇಲಂತಸ್ತಿನಲ್ಲಿ ‘ಗದ್ದಲ’ ಎಂಬ ಹೋಟೆಲು ಶುರುವಾದಾಗ ಅಲ್ಲಿಗೆ ಹೋಗಲೇಬೇಕೆಂದು ಹಟ ಹಿಡಿದವಳು ತಾರಾಮಣಿ. ಮೇಜು ಬುಕ್ ಮಾಡುವ ಕೆಲಸ ಮಾತ್ರ ನನ್ನ ತಲೆಗೆ ಬಿತ್ತು. ಅವಳು ಸೀರೆ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ, ಅಲ್ಲಿ ಮಾಲೀಕ ಹಗಲೆಲ್ಲ ಫೋನು ಮುಟ್ಟಲು ಬಿಡುವುದಿಲ್ಲ. ನಾನು ರಕ್ತಪರೀಕ್ಷೆಯ ಲ್ಯಾಬಿನಲ್ಲಿದ್ದೇನೆ, ಮಧ್ಯಾಹ್ನದ ಮೇಲೆ ನನ್ನ ಹತ್ತಿರ ಬರುವವರು ಕಮ್ಮಿ. “ಶನಿವಾರ ಸಂಜೆಗೆ ಮೂರು ಜನಕ್ಕೆ ಮಾಡು ದಮಿ,” ಎಂದು ಅವಳು ಬೆಳಿಗ್ಗೆ ಜಡೆ ಹಾಕಿಕೊಳ್ಳುತ್ತ ಹೇಳಿದಳು. “ನೀನು, ನಾನು, ಗುಲ್ನಾಜ್.”

ಗುಲ್ನಾಜ್ ಅಂಗಡಿಯಲ್ಲಿ ಅವಳ ಜೊತೆ ಕೆಲಸ ಮಾಡುವ ಹುಡುಗಿ. ಸೇರಿ ಹೆಚ್ಚು ದಿನ ಆಗಿಲ್ಲ. ನಾನು ಅವಳನ್ನು ನೋಡಿರಲಿಲ್ಲ, ಆದರೆ ಅವಳ ಬಗ್ಗೆ ಬೇಕಾದ್ದಕ್ಕಿಂತ ಹೆಚ್ಚು ಕೇಳಿದ್ದೆ.

ಗದ್ದಲಕ್ಕೆ ಫೋನು ಮಾಡಿದೆ. ಆ ಕಡೆಯಿಂದ ಬಾಣಲೆ ಬಡಿಯುವ ಸದ್ದು, ಜೋರು ಹಾಡು, ಯಾರೋ “ಎರಡು ಮೊಮೊ, ಒಂದು ಕಡ್ಡಿಕೋಳಿ!” ಎಂದು ಕಿರುಚುವ ಸದ್ದು. ಅದರ ನಡುವಿನಿಂದ ಒಂದು ಹೆಣ್ಣುದನಿ, “ಎಷ್ಟು ಜೊತೆ ಮೇಡಂ?” ಎಂದು ಕೇಳಿತು.

“ಮೂರು ಜನ.”

“ಹಂಗಂದ್ರೆ ಎರಡು ಜೊತೆ. ಒಬ್ರಿಗೆ ನಮ್ಮ ಕಡೆಯಿಂದ ಎದುರಾಳು ಕೊಡ್ತೀವಿ, ಅದಕ್ಕೆ ಬೇರೆ ಚಾರ್ಜು. ಯಾರ ಎದುರು ಯಾರು ಅಂತ ಹೆಸರು ಹೇಳಿ.”

ನಾನು ಫೋನು ಇಟ್ಟುಬಿಟ್ಟೆ.

ನಮ್ಮೂರಲ್ಲಿ ಒಬ್ಬರು ತಿಂದದ್ದರ ರುಚಿ ಅವರ ಎದುರು ಕೂತವರ ನಾಲಿಗೆಗೆ ಹೋಗುತ್ತದೆ. ತಿಂದವರಿಗೆ ಹೊಟ್ಟೆ ತುಂಬುತ್ತದೆ, ಅಷ್ಟೆ. ಮುಖಕ್ಕೆ ಮುಖ ಕೊಟ್ಟು ಕೂತರೆ ಮಾತ್ರ ಇದು ನಡೆಯುತ್ತದೆ. ಪಕ್ಕದಲ್ಲಿ ಕೂತವರಿಗೆ ಏನೂ ಸಿಗುವುದಿಲ್ಲ. ಒಬ್ಬರೇ ಕೂತು ತಿಂದರೆ ಬಿರಿಯಾನಿಯೂ ಒಂದೇ, ಒದ್ದೆ ಹತ್ತಿಯೂ ಒಂದೇ. ಹಾಗಾಗಿ ನಮ್ಮಲ್ಲಿ ಹೆಣ್ಣು ನೋಡುವ ದಿನ ಮೊದಲು ಹುಡುಗ ಹುಡುಗಿಯನ್ನು ಎದುರುಬದುರು ಕೂರಿಸಿ ಉಪ್ಪಿಟ್ಟು ಕೊಡುತ್ತಾರೆ. ಗಂಡನ ಮೇಲೆ ಸಿಟ್ಟು ಬಂದ ಹೆಂಡತಿ ಜಗಳಕ್ಕೆ ಹೋಗುವುದಿಲ್ಲ, ಅವನು ಊಟಕ್ಕೆ ಕೂತಾಗ ಎದುರು ಕೂತು ಹಸಿ ಹಾಗಲಕಾಯಿ ಕಚ್ಚುತ್ತಾಳೆ. ನಮ್ಮ ಲ್ಯಾಬಿಗೆ ಬರುವ ಲಾಯರು ಸಿದ್ದರಾಜಯ್ಯನವರಿಗೆ ಸಕ್ಕರೆ ಕಾಯಿಲೆ. ಅವರ ಹೆಂಡತಿ ದಿನಾ ಅವರೆದುರು ಕೂತು ಜಿಲೇಬಿ ತಿಂದು ತಿಂದು, ಈಗ ಇಬ್ಬರೂ ರಕ್ತ ಕೊಡಲು ಒಟ್ಟಿಗೇ ಬರುತ್ತಾರೆ. ಮಾಂಸ ಮುಟ್ಟದ ಮನೆಗಳ ಕೆಲವು ಗಂಡಸರು ಭಾನುವಾರ ಮಧ್ಯಾಹ್ನ ತಮ್ಮ ಮೊಸರನ್ನದ ಡಬ್ಬಿ ಹಿಡಿದುಕೊಂಡು ಬೇರೆ ಜಾತಿಯ ಗೆಳೆಯರ ಮನೆಗೆ ಹೋಗುತ್ತಾರೆ. ಎಲ್ಲರಿಗೂ ಗೊತ್ತು. ಯಾರೂ ಮಾತಾಡುವುದಿಲ್ಲ.

ನಾನೂ ತಾರಾಮಣಿಯೂ ಇರುವುದು ಕೆಲಸಕ್ಕೆ ಹೋಗುವ ಹೆಂಗಸರ ಹಾಸ್ಟೆಲಿನಲ್ಲಿ. ಮೆಸ್ಸಿನಲ್ಲಿ ಉದ್ದನೆಯ ಕಲ್ಲಿನ ಮೇಜು, ಅದರ ಎರಡೂ ಬದಿಗೆ ನೆಲದಲ್ಲಿ ಹೂತ ಬೆಂಚು. ಮೂರು ವರ್ಷದಿಂದ ಅವಳು ನನ್ನ ಎದುರು ಕೂರುತ್ತಿದ್ದಳು. ಹಾಸ್ಟೆಲಿನ ಸಾರು ಅರಿಸಿನ ಕದಡಿದ ನೀರು ಎಂದು ಉಳಿದವರೆಲ್ಲ ಬಯ್ಯುತ್ತಾರೆ. ನನಗೆ ಹಾಗೆ ಅನ್ನಿಸಿದ್ದೇ ಇಲ್ಲ, ಏಕೆಂದರೆ ತಾರಾಮಣಿಯ ಬಾಯಿಗೆ ಹೋದರೆ ಅದು ಸಾರಾಗುತ್ತದೆ. ಅವಳು ಅನ್ನವನ್ನು ಪೂರ್ತಿ ಕಲಸುವುದಿಲ್ಲ, ಅಲ್ಲಲ್ಲಿ ಬಿಳಿ ಉಳಿಸುತ್ತಾಳೆ. ಹಪ್ಪಳವನ್ನು ಕೊನೆಗೆಂದು ಎತ್ತಿಡದೆ ನಡುನಡುವೆ ಮುರಿಯುತ್ತಾಳೆ. ನಾನು ಮರೆತಿರುವಾಗ ಉಪ್ಪಿನಕಾಯಿಯ ರಸವನ್ನು ಬೆರಳ ತುದಿಯಲ್ಲಿ ನಾಲಿಗೆಗೆ ತಾಗಿಸುತ್ತಾಳೆ. ನಾನಾದರೋ ಪುಸ್ತಕವನ್ನು ನೀರಿನ ಜಗ್ಗಿಗೆ ಒರಗಿಸಿ ಓದುತ್ತ ತಿನ್ನುತ್ತೇನೆ. ಹಾಸ್ಟೆಲ್ ಲೈಬ್ರರಿಯ ಎರಡು ಬೀರುಗಳನ್ನು ಹಾಗೆಯೇ ಮುಗಿಸಿದ್ದೇನೆ. “ನೀನು ಪುಟ ತಿರುಗಿಸೋವಾಗೆಲ್ಲ ನಂಗೆ ಕರೆಂಟು ಹೋದಂಗಾಗುತ್ತೆ ಕಣೇ,” ಎಂದು ಅವಳು ಆಗಾಗ ಹೇಳುತ್ತಿದ್ದಳು. ನಗುತ್ತಲೇ ಹೇಳುತ್ತಿದ್ದಳು. ನಾನು ಪುಸ್ತಕ ಮುಚ್ಚುತ್ತಿರಲಿಲ್ಲ. ಬೇಡವಾಗಿದ್ದರೆ ಅವಳು ಬೇರೆ ಯಾರನ್ನಾದರೂ ನೋಡಿಕೊಳ್ಳಬಹುದಿತ್ತು. ನೋಡಿಕೊಂಡಿರಲಿಲ್ಲ. ನನಗೆ ಅಷ್ಟು ಸಾಕಿತ್ತು.

ನಮ್ಮ ಮೆಸ್ಸಿನಲ್ಲಿ ವರ್ಷಕ್ಕೊಮ್ಮೆ ಬೆಂಚು ಬದಲಾಗುತ್ತದೆ. ಆ ದಿನ ಕೂತ ಜೋಡಿ ಮುಂದಿನ ವರ್ಷದ ತನಕ ಅಲುಗುವಂತಿಲ್ಲ. ಕೇಳುವುದಕ್ಕೂ ಒಂದು ಕ್ರಮ ಇದೆ: ಎದುರಿಗೆ ಬೇಕಾದವಳ ಕೈಯಲ್ಲಿ ತುತ್ತು ಇರುವಾಗ ಕೇಳಬೇಕು. ಅವಳು ತುತ್ತನ್ನು ಬಾಯಿಗಿಟ್ಟರೆ ಒಪ್ಪಿದಂತೆ, ತಟ್ಟೆಗೆ ಇಳಿಸಿದರೆ ಇಲ್ಲ. ಒಪ್ಪಿದ ಮೇಲೆ ಹಿಂದೆ ತೆಗೆಯಲು ಬರುವುದಿಲ್ಲ, ತುತ್ತು ಒಳಗೆ ಹೋಗಿಯಾಗಿರುತ್ತದೆ. ಯಾರೂ ಸಿಗದೆ ಉಳಿದವರು ವಾರ್ಡನ್ ಗೌರಾಂಬ ಮೇಡಂ ಎದುರು ಕೂರಬೇಕು. ಅವರಿಗೆ ಬೀಪಿ, ಹೊತ್ತುಹೊತ್ತಿಗೂ ಉಪ್ಪಿಲ್ಲದ ಗಂಜಿ. ವರ್ಷವಿಡೀ ಆ ಗಂಜಿ ನಾಲಿಗೆಯ ಮೇಲೆ ಬಿದ್ದ ಒಬ್ಬಳು ಕೆಲಸ ಬಿಟ್ಟು ಊರಿಗೆ ಹೋದದ್ದೂ ಉಂಟು.

ಈ ಸಲ ಬೆಂಚು ಬದಲಾಗುವುದು ಸೋಮವಾರ. ಗುಲ್ನಾಜ್ ಚಿಕ್ಕಪ್ಪನ ಮನೆ ಬಿಟ್ಟು ನಮ್ಮ ಹಾಸ್ಟೆಲಿಗೆ ಬರುವುದು ಭಾನುವಾರ. ತಾರಾಮಣಿ ನಮ್ಮಿಬ್ಬರನ್ನೂ ಗದ್ದಲಕ್ಕೆ ಕರೆದದ್ದು ಶನಿವಾರ. ಲೆಕ್ಕ ಕಷ್ಟದ್ದೇನಲ್ಲ. ಹಿಂದಿನ ವರ್ಷಗಳಲ್ಲಿ ಅವಳೇ ಮೊದಲು ಕೇಳುತ್ತಿದ್ದಳು, ಹತ್ತು ಹದಿನೈದು ದಿನ ಮುಂಚೆಯೇ, ಆಟವಾಡಿದ ಹಾಗೆ. ಈ ವರ್ಷ ಕೇಳಿರಲಿಲ್ಲ. ನಾನೇ ಕೇಳಬಹುದಿತ್ತು. ತುತ್ತು ತಟ್ಟೆಗೆ ಇಳಿಯುವುದನ್ನು ನೋಡಬೇಕಾದೀತೆಂದು ಕೇಳಲಿಲ್ಲ.

“ಬುಕ್ ಆಯ್ತಾ?” ಎಂದಳು ಸಂಜೆ ಊಟಕ್ಕೆ ಕೂತಾಗ.

“ಎಂಗೇಜು.”

“ಇಡೀ ಮಧ್ಯಾಹ್ನ?”

“ಊರೆಲ್ಲ ಅಲ್ಲಿಗೇ ಹೊರಟಿದೆ. ಅದೇನಿದೆಯೋ ಅಲ್ಲಿ.”

“ಏನಿದೆ ಅಂತ ನೋಡೋಕೇ ಹೋಗೋದು ಕಣೇ.” ಅವಳು ಹುರುಳಿಕಾಯಿ ಪಲ್ಯ ಬಾಯಿಗಿಟ್ಟಳು. ನನ್ನ ನಾಲಿಗೆಯ ಮೇಲೆ ಕೊಬ್ಬರಿ ಮೆಲ್ಲಗೆ ಬಿಚ್ಚಿಕೊಂಡಿತು. “ಹಸಿ ಪರಂಗಿಕಾಯಿನ ಒರಳಲ್ಲಿ ಕುಟ್ಟಿ, ಹುಣಸೆ, ಬೆಲ್ಲ, ಸೂಜಿಮೆಣಸು ಹಾಕಿ ಕೊಡ್ತಾರಂತೆ. ಗುಲ್ನಾಜ್ ಅದನ್ನ ತಿಂದ್ರೆ ಹೆಂಗಿರುತ್ತೋ! ಇವತ್ತು ಮಧ್ಯಾಹ್ನ ಅವಳ ಡಬ್ಬೀಲಿ ಬರೀ ಚಪಾತಿ, ಬೆಂಡೆಕಾಯಿ. ಬೆಂಡೆಕಾಯಿ ದಮಿ! ನಂಗೆ ಕಣ್ಣಲ್ಲಿ ನೀರು ಬಂತು.”

“ಬೆಂಡೆಕಾಯಿಗೆ ಅಳೋರನ್ನ ನಾನೆಲ್ಲೂ ನೋಡಿಲ್ಲ.”

“ನೀನು ಬೆಂಡೆಕಾಯಿ ಅಗಿಯೋದನ್ನ ನಾನೂ ನೋಡಿಲ್ಲ. ನುಂಗ್ತೀಯ, ಮಾತ್ರೆ ನುಂಗಿದಂಗೆ.”

ನಾನು ಪುಟ ತಿರುಗಿಸಿದೆ. ಬೇಕೆಂದೇ ತಿರುಗಿಸಿದೆ. ಅವಳ ಹುಬ್ಬು ಗಂಟಾಯಿತು.

ಮೇಜಿನ ತುದಿಯಿಂದ ಗೌರಾಂಬ ಮೇಡಂ ಬಾಯಿ ಹಾಕಿದರು. “ಆ ಹೊಸ ಹೋಟ್ಲಿಗಾ? ಅಲ್ಲಿ ಕುರ್ಚಿ ಇಲ್ವಂತೆ ಕಣ್ರೇ. ಸ್ಟೂಲು. ಗಿರ್ರ್ ಅಂತ ತಿರುಗ್ತವಂತೆ. ನಮ್ಮಕ್ಕನ ಸೊಸೆ ಗಂಡನ ಜೊತೆ ಹೋಗಿದ್ಲು. ಬರೋವಾಗ ಇಬ್ರೂ ಬೇರೆ ಬೇರೆ ಆಟೋದಲ್ಲಿ ಬಂದ್ರು.”

ಬೆಂಚಿನುದ್ದಕ್ಕೂ ನಗು ಹಬ್ಬಿತು. ನಾನು ನಗಲಿಲ್ಲ. ನಮ್ಮೂರಿನ ಯಾವ ಹೋಟೆಲಿನಲ್ಲೂ ಕೂರುವ ಜಾಗ ಅಲುಗಾಡುವುದಿಲ್ಲ, ಕುರ್ಚಿಗಳನ್ನು ನೆಲಕ್ಕೆ ಬೋಲ್ಟು ಹಾಕಿ ಬಿಗಿದಿರುತ್ತಾರೆ. ದುಡ್ಡು ಕೊಟ್ಟು ಊಟಕ್ಕೆ ಕರೆದುಕೊಂಡು ಹೋದವನಿಗೆ ಸಿಗಬೇಕಾದ ರುಚಿ ಪಕ್ಕದ ಮೇಜಿನವರ ಪಾಲಾಗಬಾರದಲ್ಲ.

ಮರುದಿನ ಲ್ಯಾಬು ಮುಗಿಸಿ, ಯಾರಿಗೂ ಹೇಳದೆ, ಆ ಸ್ಟೂಲುಗಳನ್ನು ನೋಡಿ ಬರಲು ಹೋದೆ. ನಾನು ಓದಿದ ಕಾದಂಬರಿಗಳಲ್ಲಿ ಹೊಟ್ಟೆಕಿಚ್ಚಿನವರು ವಿಷ ಹಾಕುತ್ತಾರೆ, ಇಲ್ಲವೇ ಕೆರೆಗೆ ಹಾರುತ್ತಾರೆ. ಅವರು ಮೊದಲು ಸ್ಟೂಲು ನೋಡಲು ಹೋಗುತ್ತಾರೆಂದು ಯಾರೂ ಬರೆದಿಲ್ಲ.

ಮೆಟ್ಟಿಲು ಹತ್ತುವಾಗಲೇ ಶುಂಠಿ, ಬೆಳ್ಳುಳ್ಳಿಯ ಹೊಗೆ ಮೂಗಿಗೆ ಅಡರಿತು. ಒಳಗೆ ಅಡುಗೆಮನೆಯೆಂಬುದೇ ಇರಲಿಲ್ಲ, ಎಲ್ಲ ಕಣ್ಣೆದುರೇ. ಒಬ್ಬ ನೂಡಲ್ಸನ್ನು ಬಾಣಲೆಯಿಂದ ತಲೆಯೆತ್ತರಕ್ಕೆ ಹಾರಿಸಿ ಹಿಡಿಯುತ್ತಿದ್ದ. ಇನ್ನೊಬ್ಬಳು ಮೊಮೊ ಬೇಯುವ ಬಿದಿರಿನ ತಟ್ಟೆಗಳ ಮುಚ್ಚಳ ತೆಗೆದಾಗ ಹಬೆಗೆ ಅವಳ ಮುಖವೇ ಕಾಣೆಯಾಗುತ್ತಿತ್ತು. ಕೋಳಿಯನ್ನು ಕಡ್ಡಿಗೆ ಚುಚ್ಚಿ ಕೆಂಡದ ಮೇಲೆ ಸುಟ್ಟು, ಮೇಲೆ ಕಡಲೆಕಾಯಿಯ ಗೊಜ್ಜು ಸುರಿಯುತ್ತಿದ್ದರು. ಅಗಲವಿಲ್ಲದ ಮೇಜುಗಳು, ಒಬ್ಬರ ಮೊಣಕೈ ಇನ್ನೊಬ್ಬರ ತಟ್ಟೆಯಲ್ಲಿ. ಯಾರೂ ಮೆಲ್ಲಗೆ ಮಾತಾಡುತ್ತಿರಲಿಲ್ಲ, ಮಾತಾಡಿದರೆ ಕೇಳಿಸುತ್ತಲೂ ಇರಲಿಲ್ಲ. ಮತ್ತು ಸ್ಟೂಲುಗಳು. ಕೆಂಪು ರೆಕ್ಸಿನ್ ಹೊದಿಸಿದ, ಒಂಟಿ ಕಾಲಿನ, ನಿಜವಾಗಿಯೂ ಗಿರ್ರೆಂದು ತಿರುಗುವ ಸ್ಟೂಲುಗಳು. ಜನ ಒಂದು ತುತ್ತಿಗೆ ಇವರ ಕಡೆ, ಇನ್ನೊಂದು ತುತ್ತಿಗೆ ಅವರ ಕಡೆ ತಿರುಗಿ “ಓಹೋ!” ಎಂದು ಕೂಗುತ್ತಿದ್ದರು. ಒಬ್ಬ ನಡುವಯಸ್ಸಿನ ಹೆಂಗಸು, ಕೊರಳಲ್ಲಿ ದಪ್ಪ ಮಾಂಗಲ್ಯ, ಪಕ್ಕದ ಮೇಜಿನ ಅಪರಿಚಿತನ ಕಡೆ ತಿರುಗಿ ನೂಡಲ್ಸು ಹೀರುತ್ತಿದ್ದಳು. ಅವಳ ಗಂಡ ಅವಳ ಬೆನ್ನು ನೋಡುತ್ತ ಕೂತಿದ್ದ. ಮೆಟ್ಟಿಲ ಪಕ್ಕ ನೀಲಿ ಅಂಗಿಯ ಎದುರಾಳುಗಳು, ಬಾಡಿಗೆಗೆ ಕಾದ ಕೂಲಿಗಳ ಹಾಗೆ, ಸಾಲಾಗಿ ಕೂತಿದ್ದರು.

ಬುಕ್ ಮಾಡುವುದಿಲ್ಲ ಎಂದು ತೀರ್ಮಾನಿಸಿ ಕೆಳಗಿಳಿದೆ. ಮೆಟ್ಟಿಲು ಮುಗಿಯುವಷ್ಟರಲ್ಲಿ ಬಾಯಲ್ಲಿ ನೀರೂರಿತ್ತು. ತಾರಾಮಣಿ ಆ ಕಡಲೆಕಾಯಿ ಗೊಜ್ಜನ್ನು ತಿಂದರೆ ನನಗೆ ಹೇಗೆ ಬಂದೀತು ಎಂದು ಯೋಚಿಸುತ್ತಿದ್ದೆ.

“ಶನಿವಾರ ಪೂರ್ತಿ ಭರ್ತಿಯಂತೆ,” ಎಂದೆ ಅವಳಿಗೆ.

“ಸರಿ ಬಿಡು.” ಅವಳು ಬೇಸರವನ್ನೂ ಪಡಲಿಲ್ಲ. “ನಾನೂ ಗುಲ್ನಾಜೂ ಅಂಗಡಿಯಿಂದ ಹಂಗೇ ಹೋಗಿ ಬಾಗಿಲಲ್ಲಿ ಕಾಯ್ತೀವಿ. ಒಂದು ಜೊತೆಗಾದ್ರೆ ಹೆಂಗೂ ಜಾಗ ಆಗುತ್ತಂತೆ. ನಿಂಗೂ ಆ ಗಲಾಟೆ ಎಲ್ಲ ಸೇರಲ್ಲ, ಓದ್ಕೊಂಡಿರು.”

ಮರುದಿನ ಮಧ್ಯಾಹ್ನ, ಒಂದು ಮಗುವಿನ ಬೆರಳು ಚುಚ್ಚಿ ರಕ್ತ ತೆಗೆದು ಕಳಿಸಿದವಳೇ ಫೋನು ಎತ್ತಿಕೊಂಡೆ.

“ಯಾರ ಎದುರು ಯಾರು ಮೇಡಂ?”

“ದಮಯಂತಿ ಎದುರು ತಾರಾಮಣಿ. ಗುಲ್ನಾಜ್ ಎದುರು ನಿಮ್ಮೋರು.”

ಒಂದು ಮೇಜು ಖಾಲಿಯಾಯಿತಂತೆ ಎಂದು ತಾರಾಮಣಿಗೆ ಹೇಳಿದೆ. ಶನಿವಾರ ಬಸ್ ನಿಲ್ದಾಣದ ಹತ್ತಿರ ಗುಲ್ನಾಜಳನ್ನು ಮೊದಲ ಸಲ ನೋಡಿದೆ. ಅವಳ ಮುಂದಿನ ಹಲ್ಲೊಂದು ಸೊಟ್ಟಗಿತ್ತು. ನನಗೆ ಸಮಾಧಾನವಾಯಿತು. ಆಮೇಲೆ ಅವಳು ನಕ್ಕಳು. ಸೊಟ್ಟ ಹಲ್ಲೇ ಆ ಮುಖಕ್ಕೆ ಚೆಂದ ಎಂದು ಗೊತ್ತಾಯಿತು.

“ನಮಸ್ಕಾರ ಅಕ್ಕ. ತಾರಾ ಅಕ್ಕ ಅಂಗಡೀಲಿ ಬಾಯಿ ತೆಗೆದ್ರೆ ನಿಮ್ಮ ಮಾತೇ.”

“ಏನಂತಾಳೆ?”

“ನೀವು ಭಾರಿ ಓದ್ತೀರಂತೆ. ಊಟ ಮಾಡೋವಾಗ್ಲೂ.”

ತಾರಾಮಣಿ ಅವಳ ತೋಳು ಚಿವುಟಿದ್ದನ್ನು ನಾನು ಕಾಣದವಳಂತೆ ಇದ್ದೆ.

ಮೇಲೆ ಒಬ್ಬ ಹುಡುಗಿ ನಮ್ಮನ್ನು ಕಿಟಕಿಯ ಪಕ್ಕದ ಮೇಜಿಗೆ ಕರೆದುಕೊಂಡು ಹೋದಳು. ಕಿಟಕಿಯ ಕಡೆ ನಾನು, ನನ್ನ ಪಕ್ಕಕ್ಕೆ ಗುಲ್ನಾಜ್.  ನನ್ನೆದುರು ತಾರಾಮಣಿ. ತಾರಾಮಣಿಯ ಪಕ್ಕದಲ್ಲಿ, ಗುಲ್ನಾಜ್ ಎದುರಿಗೆ, ನೀಲಿ ಅಂಗಿಯ ಎದುರಾಳು ಬಂದು ಕೂತ. ನಲವತ್ತರ ಆಸುಪಾಸಿನ, ಗೋಡೆಯಷ್ಟು ಭಾವವಿಲ್ಲದ ಮುಖದವನು. “ಮಾದೇಶ ಅಂತ ಮೇಡಂ,” ಎಂದು ಗುಲ್ನಾಜಳಿಗೆ ಪರಿಚಯ ಹೇಳಿಕೊಂಡ. “ನಿಮಗೆ ಬೇಕಾದ್ದು ಹೇಳಿ, ತಿಂತೀನಿ. ನೀವು ತಿನ್ನೋದು ನಂಗೆ ಬರುತ್ತಲ್ಲ, ಅದರ ಬಗ್ಗೆ ನಾನು ತುಟಿ ಬಿಚ್ಚೋ ಹಾಗಿಲ್ಲ. ಚೆಂದ ಅನ್ನೋ ಹಾಗೂ ಇಲ್ಲ, ಚೆನ್ನಾಗಿಲ್ಲ ಅನ್ನೋ ಹಾಗೂ ಇಲ್ಲ.”

“ಅಯ್ಯೋ, ಹಂಗಾದ್ರೆ ನಾನು ಯಾರಿಗೆ ತಿನ್ನಲಿ?” ಎಂದಳು ಗುಲ್ನಾಜ್.

ತಾರಾಮಣಿ ನನ್ನನ್ನು ನೋಡಿದಳು. “ಇವರೇ ಹಿಂಗೆ ಕೂರಿಸಿದ್ದಾ?”

“ಹೂಂ. ಅವರ ಪದ್ಧತಿ ಏನೋ.”

ನೀರು ಇಡುತ್ತಿದ್ದ ಹುಡುಗಿ ತಲೆಯೆತ್ತಿದಳು. “ಇಲ್ಲ ಮೇಡಂ, ಬುಕಿಂಗಲ್ಲಿ ಹೇಳಿದಂಗೇ ಹಾಕಿರೋದು. ದಮಯಂತಿ ಎದುರು ತಾರಾಮಣಿ.”

ತಾರಾಮಣಿ ಲೋಟ ಎತ್ತಿ ನೀರು ಕುಡಿದಳು. ಮೆನು ಕಾರ್ಡಿನಲ್ಲಿ ಇದ್ದದ್ದರಲ್ಲಿ ಒಂದೊಂದು ತರಿಸಿದಳು.

ಅಂದು ನಾನು ಪುಸ್ತಕ ತಂದಿರಲಿಲ್ಲ. ಬಂದ ಮೊಮೊವನ್ನು ಕಚ್ಚಿ, ಅಗಿದು, ಈ ಕೆನ್ನೆಯಿಂದ ಆ ಕೆನ್ನೆಗೆ ಹಾಕಿ, ಎಷ್ಟು ಚೆನ್ನಾಗಿ ತಿನ್ನಲು ಸಾಧ್ಯವೋ ಅಷ್ಟು ಚೆನ್ನಾಗಿ ತಿಂದೆ. ನನಗೆ ಸಿಕ್ಕಿದ್ದು ಬಿಸಿ ಮತ್ತು ಮೆದು ಮಾತ್ರ. ತಾರಾಮಣಿಯ ಮುಖ ನೋಡುತ್ತ ಕೂತೆ.

“ಎಲೆಕೋಸು,” ಎಂದಳು ಅವಳು, ಲ್ಯಾಬಿನ ರಿಪೋರ್ಟು ಓದಿದ ಹಾಗೆ. “ಈರುಳ್ಳಿ. ಸ್ವಲ್ಪ ಶುಂಠಿ.”

“ಚಟ್ನಿ ಹಚ್ಚಲಾ?”

“ಹಚ್ಚು.”

ಆಮೇಲೆ ಅವಳು ಕಡ್ಡಿಕೋಳಿಯನ್ನು ಕೈಗೆತ್ತಿಕೊಂಡಳು. ಸುಟ್ಟ ಅಂಚು ಮೊದಲು ಬಂತು, ಕಹಿಯ ಹೊಸ್ತಿಲಲ್ಲೇ ನಿಂತು. ಅದರ ಹಿಂದೆ ಕಡಲೆಕಾಯಿ, ಮಂದವಾಗಿ, ಸಿಹಿಯಾಗಿ. ಅದು ಹಬ್ಬುವ ತನಕ ಅವಳು ಕಾದಳು. ಆಮೇಲೆ ಸೌತೆಕಾಯಿಯ ಒಂದು ಚೂರು ಕಚ್ಚಿ ಎಲ್ಲವನ್ನೂ ತೊಳೆದಳು. ನನಗೆ ಆ ಗದ್ದಲದ ನಡುವೆಯೂ ಅವಳ ಹೆಸರು ಹಿಡಿದು ಕೂಗಬೇಕೆನ್ನಿಸಿತು. ಇವಳನ್ನು ನಾನು ಯಾರಿಗೂ ಬಿಡುವುದಿಲ್ಲ ಎಂದುಕೊಂಡೆ. ಇನ್ನೊಂದು ಕಡ್ಡಿ ಅವಳ ಕಡೆ ಸರಿಸಿದೆ. ಅವಳು ಕಚ್ಚಿದಳು. ಕಡಲೆಕಾಯಿ ನನ್ನ ನಾಲಿಗೆಯ ಮೇಲೆ ಹರಡತೊಡಗಿತು, ಮತ್ತು ಅರ್ಧದಲ್ಲೇ ನಿಂತುಹೋಯಿತು.

ನಾಲಿಗೆ ಸತ್ತುಬಿದ್ದ ಹಾಗಾಯಿತು. ತಲೆಯೆತ್ತಿದರೆ ತಾರಾಮಣಿಯ ಕಿವಿಯೋಲೆ ಕಂಡಿತು. ಅವಳು ಸ್ಟೂಲನ್ನು ಓರೆಯಾಗಿ ತಿರುಗಿಸಿಕೊಂಡಿದ್ದಳು. ನನ್ನ ಪಕ್ಕದಲ್ಲಿ ಗುಲ್ನಾಜ್ ತನ್ನ ಸ್ಟೂಲನ್ನು ಅವಳ ಕಡೆಗೆ ತಿರುಗಿಸಿ, ಕುಟ್ಟಿದ ಪರಂಗಿಕಾಯಿಯನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಮೂಲೆಯಿಂದ ಮೂಲೆಗೆ ಇಬ್ಬರೂ ಮುಖಾಮುಖಿ. ತಾರಾಮಣಿಯ ಮುಖ ಕೆಂಪಗಾಯಿತು, ಕಣ್ಣಲ್ಲಿ ನೀರು ತುಂಬಿತು, ಎರಡೂ ಕೈಯಿಂದ ಮೇಜು ಹಿಡಿದುಕೊಂಡು ನಗತೊಡಗಿದಳು. “ಸಾಯಿಸ್ತೀಯ ಕಣೇ! ಇನ್ನೊಂದು, ಇನ್ನೊಂದು!” ಮೂರು ವರ್ಷದಲ್ಲಿ ನನ್ನೆದುರು ಕೂತು ಅವಳು ಎಂದೂ ಮೇಜು ಹಿಡಿದುಕೊಂಡಿರಲಿಲ್ಲ.

ಎದುರಿಲ್ಲದೆ ಉಳಿದವನು ಮಾದೇಶ. ಅವನು ನನ್ನ ಕಡೆ ತಿರುಗಿ, “ಸುಮ್ನೆ ಬರಿಬಾಯಲ್ಲಿ ಯಾಕಿರ್ತೀರ ಮೇಡಂ, ಒಂದೆರಡು ತಿಂತೀನಿ,” ಎಂದು ನೂಡಲ್ಸು ಬಾಯಿಗಿಟ್ಟ. ನಾನು ತಡೆಯಲಿಲ್ಲ. ಅವನಿಂದ ಬಂದದ್ದು ಚೊಕ್ಕವಾಗಿತ್ತು. ಉಪ್ಪು ಉಪ್ಪಿನಷ್ಟು, ಖಾರ ಖಾರದಷ್ಟು. ಯಾರಿಗೆಂದೂ ತಿಂದದ್ದಲ್ಲ ಅದು, ದಿನಗೂಲಿಗೆ ತಿಂದದ್ದು. ಅದನ್ನು ನುಂಗಿಕೊಳ್ಳುತ್ತ ನಾನು ಪಕ್ಕದಲ್ಲಿದ್ದ ಗುಲ್ನಾಜಳ ದವಡೆಯನ್ನೇ ನೋಡುತ್ತಿದ್ದೆ. ಏನಿದೆ ಅದರಲ್ಲಿ? ಸೊಟ್ಟ ಹಲ್ಲಿನ ಹುಡುಗಿ, ಬೆಂಡೆಕಾಯಿ ತಿನ್ನುವವಳು. ಏನಿದೆ?

ನನ್ನ ಸ್ಟೂಲನ್ನು ಅವಳ ಕಡೆ ತಿರುಗಿಸಿ, ಕಾಲು ಚಾಚಿ ಅವಳ ಸ್ಟೂಲಿನ ಅಂಚಿಗೆ ಕೊಟ್ಟು ತಳ್ಳಿದೆ. ಸ್ಟೂಲು ಗಿರ್ರೆಂದು ತಿರುಗಿ, ಕೈಯಲ್ಲಿ ಪರಂಗಿಕಾಯಿಯೊಂದಿಗೆ ಅವಳು ನನಗೆ ಮುಖಾಮುಖಿಯಾದಳು.

“ಅಕ್ಕ?”

“ತಿನ್ನು.”

ಅವಳು ಹೆದರಿಕೊಂಡೇ ತಿಂದಳು. ಹೆದರಿಕೆಯ ರುಚಿ ಏನೂ ಬರಲಿಲ್ಲ. ಮೊದಲು ಹುಳಿ ಕೆನ್ನೆಗಳನ್ನು ಒಳಕ್ಕೆಳೆಯಿತು. ಅದು ಇನ್ನೇನು ಜಾಸ್ತಿಯಾಯಿತು ಎನ್ನುವಾಗ ಬೆಲ್ಲ ಬಂತು, ಬೆಲ್ಲವನ್ನು ನಂಬುವಷ್ಟರಲ್ಲಿ ಮೆಣಸಿನಕಾಯಿ. ಅದು ತಲೆಯ ನೆತ್ತಿಗೆ ಏರಿ, ಕಿವಿಯೊಳಗೆ ಗುಂಯ್ ಎಂದಿತು. ತಾರಾಮಣಿಯ ಊಟದಲ್ಲಿ ನನಗೆ ಮನೆಗೆ ಬಂದ ಹಾಗಿರುತ್ತಿತ್ತು. ಇದು ಮನೆಯಿಂದ ಓಡಿಹೋದ ಹಾಗಿತ್ತು. ಚೆನ್ನಾಗಿರಲಿಲ್ಲ ಎಂದು ಬರೆಯಲು ಸಾಧ್ಯವಿದ್ದರೆ ಬರೆಯುತ್ತಿದ್ದೆ. ತಾರಾಮಣಿ ಪ್ರತಿ ಮಧ್ಯಾಹ್ನ ಇದನ್ನು ಉಂಡು, ಸಂಜೆ ಬಂದು ನನ್ನೆದುರು ಕೂರುತ್ತಿದ್ದಳು ಎಂದು ನೆನೆದಾಗ ಹೊಟ್ಟೆಯೊಳಗೆ ಉರಿದದ್ದು ಮೆಣಸಿನಕಾಯಿಯಲ್ಲ. ಇದು ಅವಳಿಗೆ ಸಿಗಬಾರದು. ಅಷ್ಟೇ ನನಗೆ ಹೊಳೆದದ್ದು. ಅವಳು ನನಗೆ ಸಿಗದಿದ್ದರೂ ಚಿಂತೆಯಿಲ್ಲ, ಇದು ಅವಳಿಗೆ ಸಿಗಬಾರದು.

ಗುಲ್ನಾಜ್ ಒಂದು ಮೊಮೊ ಕೈಗೆತ್ತಿಕೊಂಡಳು. ಅದು ಬಾಯಿಗೂ ತಟ್ಟೆಗೂ ನಡುವೆ ಇದ್ದಾಗ ಕೇಳಿದೆ.

“ಸೋಮವಾರದಿಂದ ನನ್ನೆದುರು ಕೂರ್ತೀಯಾ?”

“ದಮಿ,” ಎಂದಳು ತಾರಾಮಣಿ. ಆ ಗಲಾಟೆಯಲ್ಲೂ ನನಗೆ ಕೇಳಿಸಿತು. “ಏನು ಮಾಡ್ತಿದೀಯ?”

“ಕೇಳ್ತಿದೀನಿ. ಕೈಯಲ್ಲಿ ತುತ್ತಿದೆ, ಕೇಳ್ಬೋದು.”

ಗುಲ್ನಾಜ್ ಮೊಮೊ ಹಿಡಿದ ಕೈಯನ್ನು ಅಲ್ಲಾಡಿಸದೆ ಕತ್ತು ಮಾತ್ರ ತಿರುಗಿಸಿದಳು. ಹಾಸ್ಟೆಲಿನ ಕ್ರಮವೆಲ್ಲ ಅವಳಿಗೆ ಆಗಲೇ ಗೊತ್ತಿತ್ತು, ತಾರಾಮಣಿಯೇ ಹೇಳಿಕೊಟ್ಟಿರಬೇಕು. “ತಾರಾ ಅಕ್ಕ, ನೀವು ಕೇಳ್ತೀರೇನೋ ಅಂತಿದ್ದೆ. ಇಷ್ಟು ದಿನ ಕಾದೆ.”

ತಾರಾಮಣಿ ಬಾಯಿ ತೆರೆದಳು. ನನ್ನನ್ನು ನೋಡಿದಳು. ಬಾಯಿ ಮುಚ್ಚಿದಳು.

“ಗಂಜಿ ಎದುರು ಕೂರೋಕೆ ನಂಗಾಗಲ್ಲ,” ಎಂದು ಗುಲ್ನಾಜ್ ಅರ್ಧ ನಗುತ್ತ, ಅರ್ಧ ಕ್ಷಮೆ ಕೇಳುತ್ತ ಮೊಮೊವನ್ನು ಬಾಯಿಗಿಟ್ಟಳು. ಮೊಮೊದೊಳಗಿನ ಬಿಸಿ ರಸ ನನ್ನ ನಾಲಿಗೆಯ ಮೇಲೆ ಒಡೆಯಿತು. ಕೊತ್ತಂಬರಿ, ಶುಂಠಿ, ಸುಟ್ಟ ಬೆಳ್ಳುಳ್ಳಿ. ಗೆದ್ದೆ ಎಂದುಕೊಂಡೆ.

“ನಾನು ಇವತ್ತೊಂದಿನ ಅಂತ ತಿರುಗಿದ್ದು ಕಣೇ,” ಎಂದಳು ತಾರಾಮಣಿ. ದನಿಯಲ್ಲಿ ಅಳುವೇನೂ ಇರಲಿಲ್ಲ. “ಸೋಮವಾರಕ್ಕೆ ನಿನ್ನನ್ನೇ ಕೇಳೋಳಿದ್ದೆ.”

“ಈಗ ಹಂಗೇ ಹೇಳ್ತೀಯ.”

“ಇನ್ಯಾವಾಗ ಹೇಳ್ಲಿ? ನೀನು ಕೇಳಿದ್ರೆ ತಾನೆ? ನನ್ನ ಹೆಸರನ್ನ ಫೋನಲ್ಲಿ ಯಾರಿಗೋ ಹೇಳಿ ಬರ್ಸಿದೀಯ. ನನ್ನನ್ನೇ ಒಂದು ಮಾತು ಕೇಳಿದ್ರೆ ಆಗ್ತಿರ್ಲಿಲ್ವಾ?”

ಅವಳು ಹೇಳಿದ್ದು ನಿಜವೋ ಸುಳ್ಳೋ ನನಗೆ ಇವತ್ತಿಗೂ ಗೊತ್ತಿಲ್ಲ. ಒಂದು ದಿನಕ್ಕೆಂದು ತಿರುಗಿದವರ ಮುಖ ಅಷ್ಟು ಅರಳುವುದಿಲ್ಲ ಎಂದು ಒಮ್ಮೆ ಅನ್ನಿಸುತ್ತದೆ. ಒಂದೇ ದಿನ ಎಂದು ಗೊತ್ತಿದ್ದರೆ ಮಾತ್ರ ಹಾಗೆ ಅರಳುತ್ತದೆ ಎಂದು ಇನ್ನೊಮ್ಮೆ ಅನ್ನಿಸುತ್ತದೆ. ಆಗಂತೂ ಗುಲ್ನಾಜ್ ಅಗಿಯುತ್ತಲೇ ಇದ್ದಳು, ನನ್ನ ಬಾಯಿ ತುಂಬ ಅವಳ ಬೆಳ್ಳುಳ್ಳಿ.

ತಾರಾಮಣಿ ಕಣ್ಣು ಒರೆಸಿಕೊಂಡು, ಮೂಗು ಒರೆಸಿಕೊಂಡು, ಸ್ಟೂಲನ್ನು ತಿರುಗಿಸಿದಳು. ನನ್ನ ಕಡೆಗಲ್ಲ. ಪಕ್ಕದಲ್ಲಿದ್ದ ಮಾದೇಶನ ಕಡೆಗೆ.

“ಬನ್ನಿ ಅಣ್ಣ. ಈ ಮೇಜಲ್ಲಿ ನಮ್ಮಿಬ್ರಿಗೂ ಯಾರೂ ಇಲ್ಲ.”

ಮಾದೇಶ ತನ್ನ ಸ್ಟೂಲು ತಿರುಗಿಸಿ ಅವಳಿಗೆ ಮುಖ ಕೊಟ್ಟು ನೆಟ್ಟಗೆ ಕೂತ. ಅವಳು ತೆಂಗಿನ ಹಾಲಿನ ಸಾರಿನ ಬಟ್ಟಲನ್ನು ಹತ್ತಿರಕ್ಕೆಳೆದುಕೊಂಡು ಅನ್ನ ಹಾಕಿದಳು, ಪೂರ್ತಿ ಕಲಸಲಿಲ್ಲ. ನಿಂಬೆಯ ಹೋಳನ್ನು ಚಮಚದ ಅಂಚಿಗೆ ಮಾತ್ರ ಹಿಂಡಿದಳು. ತುತ್ತಿಟ್ಟು, ಕಣ್ಣು ತಗ್ಗಿಸಿ, ನಿಧಾನವಾಗಿ ಅಗಿದಳು. ಅಲ್ಲಿ ಏನು ನಡೆಯುತ್ತಿದೆಯೆಂದು ನನಗಲ್ಲದೆ ಇನ್ಯಾರಿಗೂ ಗೊತ್ತಿರಲು ಸಾಧ್ಯವಿರಲಿಲ್ಲ, ಈಗ ಆ ಮಾದೇಶನನ್ನು ಬಿಟ್ಟು. ಮೊದಲು ಹಾಲು ಬಂದಿರಬೇಕು, ಅದರ ಹಿಂದೆ ಬಿಳಿ ಅನ್ನದ ಸಪ್ಪೆ, ಆಮೇಲೆ, ಅವನು ಮರೆತಿರುವಾಗ, ನಿಂಬೆ. ನಾನು ಅವರ ಕಡೆ ತಿರುಗಿ ಅವನ ಮುಖದಲ್ಲಿ ಅದನ್ನು ಹುಡುಕಿದೆ. ಗೋಡೆಯಂಥ ಮುಖ ಗೋಡೆಯಂತೆಯೇ ಇತ್ತು. ಇನ್ನೊಂದು ತುತ್ತು ಹೋಯಿತು. ಅವನು ಕೈಯಲ್ಲಿದ್ದ ಫೋರ್ಕನ್ನು ಮೆಲ್ಲಗೆ ಮೇಜಿನ ಮೇಲಿಟ್ಟ.

“ಏನು ಬರ್ತಿದೆ?” ಎಂದು ಕೇಳಿದೆ. ನನ್ನ ದನಿ ನನಗೇ ಗುರುತು ಹತ್ತಲಿಲ್ಲ. “ರೀ ಮಾದೇಶ್, ಅವಳದ್ದು ಏನು ಬರ್ತಿದೆ ನಿಮಗೆ?”

ಅವನು ನನ್ನ ಕಡೆ ನೋಡಲಿಲ್ಲ. ತಟ್ಟೆ ಎತ್ತಲು ಬಂದ ಹುಡುಗಿಯನ್ನು ಕೈಸನ್ನೆಯಲ್ಲೇ ಆಚೆಗೆ ನಿಲ್ಲಿಸಿದ. ಆಮೇಲೆ, ತುಟಿ ಬಿಚ್ಚುವ ಹಾಗಿಲ್ಲದವನು, ಮುಂದಕ್ಕೆ ಬಾಗಿ ತಾರಾಮಣಿಗೆ ಮಾತ್ರ ಕೇಳಿಸುವಷ್ಟು ಮೆತ್ತಗೆ ಏನೋ ಹೇಳಿದ. ಆ ಗದ್ದಲದಲ್ಲಿ ನನಗೆ ಅವನ ತುಟಿ ಮಾತ್ರ ಕಂಡಿತು. ತಾರಾಮಣಿ ತಲೆಯೆತ್ತಿ ಅವನನ್ನು ನೋಡಿದಳು. ಅವಳ ಮುಖ ಸ್ವಲ್ಪ ಸಡಿಲಾಯಿತು. ಬಟ್ಟಲಿಗೆ ಇನ್ನಷ್ಟು ಅನ್ನ ಹಾಕಿಕೊಂಡಳು.

ಯಾರೋ ನನ್ನ ಮೊಣಕೈ ತಟ್ಟಿದರು. ಗುಲ್ನಾಜ್. ಬಾಯಲ್ಲಿ ತುತ್ತು ಇಟ್ಟುಕೊಂಡೇ, ಮಕ್ಕಳು ಕೇಳುವ ಹಾಗೆ ಕೇಳಿದಳು.

“ಅಕ್ಕ, ಈ ಕಡೆ ತಿರುಗಿ. ನಂಗೇನೂ ಬರ್ತಿಲ್ಲ.”